ಸೋಮವಾರ ಬಂದ್ ಮಾಡದ ಮಷೀನು

ನನ್ನ ಟೇಬಲ್ ಮ್ಯಾಲ ಮೌಸ್ ಇಲ್ಲ. ಈಗ ಅಲ್ಲ, ಹನ್ನೆರಡು ವರ್ಷ ಆತು, ಇಲ್ಲ. ಖೋಲಿಯೊಳಗ ಕಾಲಿಟ್ಟೋರು ನನ್ನ ಮಾರಿ ನೋಡಿ ನಮಸ್ಕಾರ ಅನ್ನೋಕ್ಕಿಂತ ಮೊದಲ ಟೇಬಲ್ ನೋಡಿ ಕೇಳ್ತಾರ, ‘ಸರ್, ಮೌಸ್ ಎಲ್ಲಿ ಹೋತು?’ ಎಲ್ಲಿಗಿ ಹೋಗ್ತದ್ರಿ ಅದು? ತಂದಿದ್ರಲ್ಲಾ ಹೋಗಾಕ! ನನಗ ಅದರ ಗರಜೇ ಇಲ್ಲ, ಬರೇ ಕೀಬೋರ್ಡ್ ಮ್ಯಾಲ ನನ್ನ ಕೆಲಸ ನಡೀತದ ಅಂತ ಎಷ್ಟು ಮಂದಿಗಿ ಹೇಳ್ಲಿ? ಹೋದ ವರ್ಷ ನಮ್ಮ ಸ್ಟಾಫಿನವರೆಲ್ಲ ಕೂಡಿ, ಕೆಂಪು ಬೇಗಡಿ ಕಾಗದದಾಗ ಸುತ್ತಿ, ನನ್ನ ಹುಟ್ಟಿದ ದಿನಕ್ಕ ಒಂದು ಮೌಸ್ ಕಾಣಿಕಿ ಕೊಟ್ರು. ಮ್ಯಾಲ ಚಪ್ಪಾಳಿ ಬ್ಯಾರೆ ಹೊಡೆದ್ರು. ಕನಿಕರಕ್ಕೂ ಒಂದು ಮಿತಿ ಬ್ಯಾಡೇನ್ರಿ? ಅವತ್ತೇ ಅದನ್ನ ಡ್ರಾದಾಗ ಒಗದೀನಿ, ಇನ್ನೂ ಹೊರಗ ತಗದಿಲ್ಲ.

ಮೌಸಿಂದು ಒಂದು ಕಡಿ ಇರ್ಲಿ, ನನ್ನ ಪರದೆ ನೋಡಿ ಮಂದಿ ಮಾಡೋ ಮಾರಿ ಅದ ನೋಡ್ರಿ, ಅದು ನನ್ನ ಪಿತ್ತ ಕೆರಳಸ್ತದ. ಕರಿ ಪರದೆ, ಅದರ ಮ್ಯಾಲ ಬಿಳಿ ಅಕ್ಷರ. ಚಿತ್ರ ಇಲ್ಲ, ಬಣ್ಣ ಇಲ್ಲ, ಒತ್ತಾಕ ಗುಂಡಿ ಇಲ್ಲ. ‘ಪರದೆ ಸುಟ್ಟದೇನ್ರಿ?’ ಅಂತ ಒಬ್ರು. ‘ಇನ್ನೂ ಚಾಲೂ ಆಗಿಲ್ಲ ಕಾಣ್ತದ, ನಾ ಆಮ್ಯಾಲ ಬರ್ತೀನಿ’ ಅಂತ ಇನ್ನೊಬ್ರು. ನನ್ನ ಹೆಂಡ್ತಿ ಒಮ್ಮಿ ಡಬ್ಬಿ ಕೊಡಾಕ ಬಂದಾಕಿ ಬಾಗಲದಾಗ ನಿಂತು ಐದು ಮಿನಿಟ್ ನೋಡಿ, ‘ದಿನಾ ಇದನ್ನೇ ನೋಡ್ಕೋತ ಕುಂದರ್ತೀರೇನು? ಇದರಾಗ ಏನೂ ಕಾಣಂಗೇ ಇಲ್ಲಲ್ಲ’ ಅಂದ್ಳು. ಆಕಿಯ ದನಿಯಾಗ ಇದ್ದದ್ದು ಸಂಶಯ ಅಲ್ಲ, ದುಃಖ.

ನಾ ಏನು ಮಾಡ್ತೀನಿ ಅಂತ ನಿಮಗೂ ಹೇಳಿಬಿಡ್ತೀನಿ, ನೀವೂ ಪರದೆ ಸುಟ್ಟದ ಅನ್ನೋದು ಬ್ಯಾಡ. ನಂದು ಒಂದು ಕಂಪ್ಯೂಟರ್ ತರಬೇತಿ ಸಂಸ್ಥೆದಾಗ ನೌಕರಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಹಿಂಗ ಐದು ಕಡೆ ನಮ್ಮ ಸಣ್ಣ ಸಣ್ಣ ಸೆಂಟರ್ ಅವ. ಅಲ್ಲಿ ಇಟ್ಟಿರೋ ಕಂಪ್ಯೂಟರ್ ಡಬ್ಬಿಗಳಿಗಿ ವಯಸ್ಸಾಗ್ಯದ, ಪರದೆ ತೋರ್ಸೋದು ಬಿಟ್ರ ಬ್ಯಾರೆ ತಾಕತ್ತಿಲ್ಲ. ಖರೇ ಮಷೀನು ಐದೂ ಇರೋದು ಸೇಡಂನಾಗ, ನನ್ನ ಖೋಲಿಯಾಗ, ಒಂದೇ ಕಬ್ಬಿಣದ ಪೆಟ್ಟಿಗಿಯೊಳಗ. ವರ್ಚುವಲ್ ಮಷೀನ್ ಅಂತಾರ. ಕೈಲೆ ಮುಟ್ಟಾಕ ಬರಂಗಿಲ್ಲ, ಆದ್ರ ಅವ. ಒಂದರಾಗ ಐದು ಹೆಂಗ ಅಂತ ಕೇಳ್ತೀರಿ, ಗೊತ್ತದ. ಒಂದೇ ವಾಡೆದಾಗ ಐದು ಸಂಸಾರ ಇರಂಗಿಲ್ಲೇನು? ಒಲಿ ಬ್ಯಾರೆ, ಗ್ವಾಡಿ ಬ್ಯಾರೆ, ಜಗಳ ಬ್ಯಾರೆ, ಬಾವಿ ಒಂದೇ. ಈ ಐದಕ್ಕೂ ಹೇಳೋದು ಕೇಳೋದು ಎಲ್ಲಾ ನನ್ನ ಕರಿ ಪರದೆ ಮ್ಯಾಲ. ಏಳು ಅಂತ ಬರದ್ರ ಏಳ್ತದ, ನಿಲ್ಲು ಅಂತ ಬರದ್ರ ನಿಲ್ತದ, ಯಾರ್ಯಾರು ಎದ್ದೀರಿ ಅಂತ ಬರದ್ರ ಹಾಜರಿ ಕೊಡ್ತಾವ.

ಮಷೀನು ನನ್ನ ಮಾತು ಕೇಳ್ತಾವ. ಮಂದಿ ಕೇಳಬೇಕಲ್ಲ? ಚಿತ್ತಾಪುರದವರು ಫೋನ್ ಹಚ್ಚಿ, ‘ವಾಡಿಯವರಿಗಿ ಜಾಸ್ತಿ ಕೊಟ್ಟೀರಿ ಸರ್, ಅದಕ್ಕ ನಮ್ಮದು ಮೆತ್ತಗ ಆಗ್ಯದ’ ಅಂತಾರ. ನಾ ಏನು ವಾಡಿಯವರ ಬೀಗನೇನ್ರಿ? ಶಹಾಬಾದದವರದು ಇನ್ನೊಂದು ನಮೂನಿ. ಊರ ತುಂಬ ಪರ್ಸಿ ಕಲ್ಲಿನ ಧೂಳು, ಅದು ಹೊಕ್ಕು ಮಷೀನ್ ಕೆಟ್ಟದ ಅಂದ್ರು. ಧೂಳು ಶಹಾಬಾದದಾಗ, ಮಷೀನು ಸೇಡಂನಾಗ! ಇದನ್ನ ತಿಳಿಸಿ ಹೇಳಾಕ ಹೋಗಿ ಅರ್ಧಾ ತಾಸು ಬಾಯಿ ಒಣಗಿಸ್ಕೊಂಡೆ. ಕೊನಿಗಿ ನಾನೇ ಇಲ್ಲಿ ಒಮ್ಮಿ ಬಂದ್ ಮಾಡಿ ಚಾಲೂ ಮಾಡಿದೆ. ಅತ್ತಲಿಂದ ಖುಷಿಲೆ ಫೋನ್ ಬಂತು: ‘ಹಸಿ ಬಟ್ಟೀಲೆ ಒರಸಿದ್ವಿ ಸರ್, ಈಗ ಭಾಳ ಛಲೋ ಓಡಾಕತ್ತದ.’ ನಾ ಫೋನ್ ಇಟ್ಟು, ಗ್ವಾಡಿ ಕಡೆ ಮಾರಿ ಮಾಡಿ ಕುಂತೆ.

ನನಗ ಈ ಬಾಯಿಮಾತಿನ ಹುಚ್ಚು ಹತ್ತಿಸಿದವರು ನಮ್ಮ ಅಜ್ಜ, ನಮ್ಮ ಮುತ್ಯಾ. ನಮ್ಮೂರು ಮುಧೋಳ. ಸೇಡಂ ತಾಲೂಕಿಂದು, ಬಾಗಲಕೋಟಿ ಕಡೀದಲ್ಲ. ಅದನ್ನೂ ಪ್ರತಿ ಸಲ ಬಿಡಿಸಿ ಹೇಳಬೇಕು ನೋಡ್ರಿ, ನಮ್ಮ ಹಣೆಬರಾ. ಮುತ್ಯಾ ಎತ್ತಿಗಿ ಬಾರಕೋಲು ಮುಟ್ಟಸ್ತಿದ್ದಿಲ್ಲ. ಎಡಕ್ಕ ಹೊಳ್ಳಾಕ ಒಂದು ದನಿ, ಬಲಕ್ಕ ಒಂದು, ನಿಲ್ಲಾಕ ಒಂದು. ತೊಗರಿ ಸಾಲಿನ ಆ ತುದಿಗಿ ಎತ್ತು, ಈ ತುದಿಗಿ ಬೀಡಿ ಹಚ್ಕೊಂಡು ಕುಂತ ಮುತ್ಯಾ, ನಡುವ ಬರೇ ಮಾತು. ಅವರ ಧೋತರದ ಚುಂಗ ಹಿಡ್ಕೊಂಡು ನಾನೂ ಹಂಗೇ ಕೂಗಾಕ ಹೋಗ್ತಿದ್ದೆ. ನನ್ನ ದನಿಗಿ ಎತ್ತು ಕಿವಿ ಸುದ್ದಾ ಅಲ್ಲಾಡಸ್ತಿದ್ದಿಲ್ಲ. ಅದಕ್ಕೂ ನನಗ ಸಿಟ್ಟು ಬರ್ತಿತ್ತು. ಸಿಟ್ಟು ಬರೋದು ನನಗ ಹುಟ್ಟಿನಿಂದ ಬಂದದ್ದು ಅಂತ ನಮ್ಮವ್ವ ಅಂತಿರ್ತಾಳ.

ಸೋಮವಾರ ಮಾತ್ರ ಮುತ್ಯಾ ಎತ್ತು ಹೂಡ್ತಿದ್ದಿಲ್ಲ. ಬಸವಣ್ಣನ ವಾರ ಅದು. ಮಳಿ ಬಂದು ಹೊಲ ಹದಕ್ಕ ನಿಂತಿರ್ಲಿ, ಬಾಜೂ ಹೊಲದವರು ಬಿತ್ತಿ ಮುಗಸ್ಲಿ, ಸೋಮವಾರ ಅಂದ್ರ ಎತ್ತಿನ ಮೈ ತೊಳದು, ಮುಂದ ಮೇವು ಹಾಕಿ, ಮುತ್ಯಾ ಕಟ್ಟಿಗಿ ಕುಂದರ್ತಿದ್ರು. ಈಗ ನಾನೂ ಹಂಗೇ ಐದೂ ಮಷೀನಿಗಿ ಸೋಮವಾರ ಸೂಟಿ ಕೊಡ್ತೀನಿ. ಮುಂಜಾನಿ ಬಂದು ಒಂದೊಂದಾಗಿ ಬಂದ್ ಮಾಡೋದು, ಮಧ್ಯಾಹ್ನ ಊಟ ಆದಮ್ಯಾಲ ಮತ್ತ ಎಬ್ಬಿಸೋದು. ಮ್ಯಾಲಿನವರು ಯಾಕ ಅಂತ ಕೇಳಿದ್ರು. ಮೆಮೊರಿ ಹಗುರ ಆಗ್ತದ, ಅಪ್‌ಡೇಟ್ ಹಾಕಾಕ ಬರ್ತದ ಅಂತ ಇಂಗ್ಲಿಷಿನಾಗ ಎರಡು ಪುಟ ಬರದು ಕೊಟ್ಟೆ. ಅದೂ ಸುಳ್ಳಲ್ಲ. ಆದ್ರ ಅದಕ್ಕಷ್ಟೇ ಆಗಿದ್ರ ಮಂಗಳವಾರನೂ ಮಾಡಬಹುದಿತ್ತಲ್ಲ.

ಈ ಸೂಟಿಗಿ ತಕರಾರು ತಗದಾಕಿ ಒಬ್ಬಾಕೇ, ಚಿಂಚೋಳಿ ಸೆಂಟರಿನ ಶಾಹಿದಾ ಆಪಾ. ನನಗಿಂತ ನಾಕು ವರ್ಷ ದೊಡ್ಡಾಕಿ, ಅದಕ್ಕ ಆಪಾ, ಅಂದ್ರ ಅಕ್ಕ; ಆ ಸೆಂಟರಿಗಿ ಟೀಚರ್, ಮ್ಯಾನೇಜರ್, ಕಸ ಹೊಡಿಯಾಕಿ, ಎಲ್ಲಾ ಆಕೇ. ಆಕಿಯ ಹತ್ರ ಕಲಿಯೋರು ಇಪ್ಪತ್ತೆರಡು ಹುಡುಗ್ಯಾರು, ಅರ್ಧಾ ಮಂದಿ ಹಳ್ಳಿಲಿಂದ ಬಸ್ಸಿಗಿ ಬರೋರು. ‘ಸೋಮವಾರ ಮುಂಜಾನಿನೇ ನಮ್ಮ ಹುಡುಗ್ಯಾರು ಪೂರಾ ಬರೋದು ಸರ್. ಸಂತಿ ಇರಂಗಿಲ್ಲ, ಮನ್ಯಾಗ ಕೆಲಸ ಕಮ್ಮಿ ಇರ್ತದ. ನಿಮ್ಮ ಬಸವಣ್ಣಗ ನಾ ಬ್ಯಾಡ ಅನ್ನಂಗಿಲ್ಲ, ಆದ್ರ ನಮ್ಮದನ್ನ ಎಲ್ಲಾರಕಿಂತ ಕೊನಿಗಿ ಬಂದ್ ಮಾಡ್ರಿ’ ಅಂದ್ಳು. ನಾ ಒಪ್ಪಲಿಲ್ಲ. ಆಕಿ ವಾರಾ ವಾರಾ ಕೇಳೇ ಕೇಳಿದ್ಳು. ನನ್ನ ತಲಿ ಚಿಟ್ ಹಿಡಿದು, ಆತು ತಾಯಿ, ಕೊನಿಗಿ ನಿಮ್ಮದೇ ಅಂದೆ. ಅಂದಿನಿಂದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಕೊನಿಗಿ ಚಿಂಚೋಳಿ, ಇದೇ ಸಾಲು.

ಈಗ ಇನ್ನೊಂದು ಸಂಗತಿ ಹೇಳಬೇಕು. ನಮ್ಮ ಕಡೆ ಊರು ಬಿಟ್ರೂ ಊರಿನ ಹೆಸರು ಬಿಡಂಗಿಲ್ಲ. ನಮ್ಮ ಓಣಿಯಾಗ ತೆಂಗಳಿಯವರು ಅಂತ ಅದಾರ. ಸೇಡಂಗಿ ಬಂದು ಮೂರು ತಲೆಮಾರು ಆಗ್ಯದ, ತೆಂಗಳಿದಾಗ ಒಂದು ಗುಂಟೆ ಹೊಲ ಉಳಿದಿಲ್ಲ. ಆದ್ರೂ ಪೋಸ್ಟಿನವ, ಹಾಲಿನವ, ಬೀಗರು, ಎಲ್ಲಾರೂ ಅನ್ನೋದು ತೆಂಗಳಿಯವರು ಅಂತನೇ. ಹಂಗೇ ಆತು ಚಿಂಚೋಳಿ ಮಷೀನಿಂದು. ಮೊದಲ ಆ ಸೆಂಟರ್ ತಗದದ್ದು ಐನಾಪುರದಾಗ. ನಾ ಅವರ ಮಷೀನು ಕಟ್ಟಿ, ಅದರ ಸಾಮಾನೆಲ್ಲ ತುಂಬಿಡೋ ದೊಡ್ಡ ಫೈಲಿಗಿ ಐನಾಪುರ ಅಂತ ಹೆಸರಿಟ್ಟೆ. ಆರು ತಿಂಗಳದಾಗ ಸೆಂಟರ್ ಚಿಂಚೋಳಿಗಿ ಬಂತು. ಮಷೀನಿನ ಹೆಸರು ಚಿಂಚೋಳಿ ಅಂತ ಮಾಡಿದೆ. ಫೈಲಿನ ಹೆಸರು ಐನಾಪುರನೇ ಉಳೀತು. ನನಗ ಅದು ತಪ್ಪು ಅಂತ ಅನಿಸಲೇ ಇಲ್ಲ. ಊರು ಬಿಟ್ಟು ಬಂದದ, ಹೆಸರು ಅದ, ಅಷ್ಟೇ. ನಮ್ಮ ಮಂದಿಗಿ ಯಾರಿಗಿ ಕೇಳಿದ್ರೂ ತಿಳೀತಿತ್ತು.

ತಿಳೀಲಾರದವರು ಬಂದ್ರು. ಕಲಬುರಗಿ ಮುಖ್ಯ ಕಚೇರಿಗಿ ಹೊಸದಾಗಿ ಬಂದ ಸಾಹೇಬ್ರು. ಅವರ ಹೆಸರು ನಿಮಗ ಬ್ಯಾಡ, ನನ್ನ ಬಾಯಿಗೂ ಬ್ಯಾಡ. ಒಂದು ಶನಿವಾರ ನಾ ತೆಂಗಳಿಗಿ ನಮ್ಮ ತಂಗಿ ಮಗಳ ಕುಬಸಕ್ಕ, ಸೀಮಂತದ ಊಟಕ್ಕ, ಹೋಗಿದ್ದೆ. ಸಾಹೇಬ್ರು ಹೇಳದೇ ಕೇಳದೇ ಸೇಡಂಗಿ ಬಂದು, ನನ್ನ ಖೋಲಿ ಬಾಗಲಾ ತೆಗಸಿ, ನನ್ನ ಕುರ್ಚಿ ಮ್ಯಾಲ ಕುಂತು, ಪೆಟ್ಟಿಗಿಯಾಗ ಜಾಗಾ ಕಮ್ಮಿ ಆಗ್ಯದ ಅಂತ ಸ್ವಚ್ಛ ಮಾಡಿ ಹೋಗ್ಯಾರ. ಒಂದು ಚೀಟಿ ಇಲ್ಲ, ಒಂದು ಫೋನ್ ಇಲ್ಲ. ನಾ ಅಲ್ಲಿ ಹೋಳಿಗಿ ತುಪ್ಪ ಉಂಡು, ಎರಡನೇ ಸಲ ಬಡಸ್ಕೊಂಡು, ಹಾಯಾಗಿ ಮಲಗಿದ್ದೆ.

ಸೋಮವಾರ ಮುಂಜಾನಿ ಎಂದಿನಂಗ ಬಂದು ಕುಂತೆ. ಸೇಡಂ ಬಂದ್ ಮಾಡಿದೆ. ಚಿತ್ತಾಪುರ, ವಾಡಿ, ಶಹಾಬಾದ ಬಂದ್ ಮಾಡಿದೆ. ಚಿಂಚೋಳಿ ಬಂದ್ ಆಗು ಅಂತ ಬರದು, ಎಂಟರ್ ಗುಂಡಿ ಮ್ಯಾಲ ಬೆರಳಿಟ್ಟಿದ್ದೆ. ಫೋನ್ ಬಡಕೊಂಡಿತು. ಸಾಹೇಬ್ರು.

‘ಶರಣಪ್ಪ ಅವರೇ, ಶನಿವಾರ ನಾನು ಬಂದಿದ್ದೆ. ಐನಾಪುರ ಅಂತ ಒಂದು ದೊಡ್ಡ ಫೈಲ್ ಸುಮ್ಮನೆ ಬಿದ್ದಿತ್ತು. ಅಂಥ ಸೆಂಟರ್ ನಮ್ಮ ಪಟ್ಟಿಯಲ್ಲೇ ಇಲ್ಲ. ಅಳಿಸಿ ಹಾಕಿದೆ. ಆದರೂ ಜಾಗ ಖಾಲಿಯಾಗಿಲ್ಲ ಅಂತ ತೋರಿಸ್ತಾ ಇದೆ. ಎಲ್ಲಾ ಮಷೀನು ಒಂದ್ಸಲ ಬಂದ್ ಮಾಡಿ ಚಾಲೂ ಮಾಡಿ, ಖಾಲಿ ಆಗುತ್ತೆ.’

ನಾ ಬೆರಳು ಎತ್ತಿದೆ. ಎಂಥಾ ಎತ್ತೋದ್ರಿ, ಕೈನೇ ಎದಿಗಿ ಹಚ್ಚಿ ಹಿಡ್ಕೊಂಡೆ, ಎಲ್ಲಿ ಅದು ತಾನಾಗೇ ಹೋಗಿ ಒತ್ತಿಬಿಡ್ತದೋ ಅಂತ. ಯಾಕಂದ್ರ ಇಲ್ಲಿ ಒಂದು ಮರ್ಮ ಅದ. ಓಡಾಕತ್ತಿದ ಮಷೀನಿನ ಫೈಲ್ ಅಳಿಸಿದ್ರ, ಮೊದಲ ಹೋಗೋದು ಬರೇ ಹೆಸರು. ಒಳಗಿನ ಸಾಮಾನು ಹೋಗಂಗಿಲ್ಲ. ಮಷೀನು ಅದನ್ನ ಎರಡೂ ಕೈಲೆ ಹಿಡ್ಕೊಂಡು ಕುಂತಿರ್ತದ. ಬಂದ್ ಮಾಡಿದ್ರೋ, ಕೈ ಬಿಡ್ತದ. ಆಮ್ಯಾಲ ಯಾರು ಬಂದು ಅತ್ರೂ ಬರಂಗಿಲ್ಲ. ಜಾಗಾ ಯಾಕ ಖಾಲಿ ಆಗಿಲ್ಲ ಅಂದ್ರ, ಚಿಂಚೋಳಿ ಇನ್ನೂ ಕೈ ಬಿಟ್ಟಿಲ್ಲ. ಶನಿವಾರದಿಂದ ಎರಡು ದಿನ, ಹೆಸರಿಲ್ಲದ ಫೈಲ್ ಹಿಡ್ಕೊಂಡು, ಆ ಹುಡುಗ್ಯಾರ ಕೆಲಸ ನಡಿಸ್ಕೋತ ಬಂದದ.

‘ಸರ್, ಅದು ಚಿಂಚೋಳಿ!’ ಅಂದೆ.

‘ಐನಾಪುರ ಅಂತ ಇತ್ತಲ್ರೀ?’

‘ಐನಾಪುರ ಅಂದ್ರ ಚಿಂಚೋಳೀನೇ ಸರ್! ನಾಡದ ಬುಧವಾರ ಅಲ್ಲಿ ಪರೀಕ್ಷಾ ಮಾಡಾಕ ಹೊರಗಿನವರು ಬರ್ತಾರ. ಇಪ್ಪತ್ತೆರಡು ಹುಡುಗ್ಯಾರ ವರ್ಷದ ಕೆಲಸ ಅದರಾಗೇ ಅದ. ಅದು ಇಲ್ಲಂದ್ರ ಅವರು ಪರೀಕ್ಷಾಕ್ಕ ಕುಂದ್ರಂಗೇ ಇಲ್ಲ.’

ಅದಕ್ಕ ಸಾಹೇಬ್ರು ಏನಂದ್ರು ಗೊತ್ತೇನ್ರಿ? ‘ಆಗಿದ್ದು ಆಯ್ತು. ಮತ್ತೆ ಮಾಡ್ತಾರೆ ಬಿಡಿ.’

ಮತ್ತೆ ಮಾಡ್ತಾರ! ಒಬ್ಬಾಕಿ ಚಿಂಚೋಳಿಯಿಂದ ಹೊಂಡೋ ಬಸ್ಸಿನ ವೇಳಾಪಟ್ಟಿ ಪೂರಾ, ಬಸ್ ಸ್ಟ್ಯಾಂಡಿನಾಗ ನಿಂತು ಕಂಡಕ್ಟರಿಗಿ ಕೇಳಿ ಕೇಳಿ ಬರ್ಕೊಂಡು ಹಾಕ್ಯಾಳ. ಇನ್ನೊಬ್ಬಾಕಿ ಲಗ್ನಪತ್ರಿಕಿ ಮಾಡ್ಯಾಳ, ಬಲಕ್ಕ ಉರ್ದು, ಎಡಕ್ಕ ಕನ್ನಡ. ಅವರಪ್ಪಂದು ಹೊಲಿಗಿ ಅಂಗಡಿ, ಅಂಚಿನ ಹೂವು ಅವನ ಕಸೂತಿ ನೋಡಿ ತಗದದ್ದು. ಮತ್ತೊಬ್ಬಾಕಿ ಓಣಿಯ ಕೂಸುಗಳಿಗಿ ಯಾವಾಗ ಯಾವ ಸೂಜಿ ಹಾಕಸಬೇಕು ಅನ್ನೋದರ ಪಟ್ಟಿ ಮಾಡ್ಯಾಳ. ಇವೆಲ್ಲ ನಾ ಹುಡುಗ್ಯಾರ ಬಾಯಿಲೆ ಕೇಳಿದ್ದಲ್ಲ, ಶಾಹಿದಾ ಆಪಾ ದಿನಾ ಫೋನಿನಾಗ ನನ್ನ ಕಿವಿ ತಿಂದು ಹೇಳಿದ್ದು. ಸೋಮವಾರದಿಂದ ಬುಧವಾರದೊಳಗ ಮತ್ತೆ ಮಾಡ್ತಾರಂತ! ಸಾಹೇಬ್ರ ಮನಿ ಹುಡುಗ್ಯಾರು ಆಗಿದ್ರ ಅಂತಿದ್ರೇನು?

‘ಬಂದ್ ಮಾಡಂಗಿಲ್ಲ ಸರ್’ ಅಂದೆ.

‘ಇದು ಆರ್ಡರ್.’

‘ಬರದು ಕೊಡ್ರಿ’ ಅಂದು ಫೋನ್ ಇಟ್ಟೆ.

ಶಾಹಿದಾ ಆಪಾಗ ಫೋನ್ ಹಚ್ಚಿದೆ. ಅಳ್ತಾಳ, ಬೈತಾಳ ಅಂತ ಗಟ್ಟಿ ಆಗಿ ನಿಂತಿದ್ದೆ. ಆಕಿ ಎಲ್ಲಾ ಕೇಳಿ, ‘ಈಗ ಏನ್ ಬೇಕು ಹೇಳ್ರಿ’ ಅಂದ್ಳು, ಅಷ್ಟೇ. ಒಂದು ದೊಡ್ಡ ಡಿಸ್ಕ್ ಬೇಕು ಆಪಾ, ಇಲ್ಲಿ ಜಾಗಾ ಇಲ್ಲ, ನಕಲು ಬ್ಯಾರೆ ಕಡೆ ಇಳಸಬೇಕು ಅಂದೆ. ‘ನನ್ನ ಹತ್ರ ಅದ. ತಗೊಂಡು ಬರ್ತೀನಿ. ಅಲ್ಲಿತನ ಯಾರಿಗೂ ಮುಟ್ಟಾಕ ಬಿಡಬ್ಯಾಡ್ರಿ’ ಅಂದು ಬಸ್ ಹತ್ತಿದ್ಳು.

ಆಕಿ ಬರೋತನ ನಾ ಪಹರೆ ಕಾಯ್ದಂಗ ನಮ್ಮಪ್ಪನ ಆಣಿ ಯಾವ ಕಿಲ್ಲೆದಾಗೂ ಯಾರೂ ಕಾಯ್ದಿಲ್ಲ. ಮೊದಲ ನಮ್ಮ ಗುಮಾಸ್ತ ಬಂದ. ಸಾಹೇಬ್ರು ಅವನಿಗಿ ಫೋನ್ ಮಾಡ್ಯಾರ, ಶರಣಪ್ಪ ಕೇಳಾಕತ್ತಿಲ್ಲ, ನೀವೇ ಹೋಗಿ ಮೇನ್ ಸ್ವಿಚ್ ತಗೀರಿ ಅಂದಾರ. ಪಾಪ, ಅವನಿಗಿ ಎರಡೂ ಕಡಿ ಅಂಜಿಕಿ. ಬಾಗಲದಾಗ ನಿಂತು ಸ್ವಿಚ್ ನೋಡ್ತಾನ, ನನ್ನ ಮಾರಿ ನೋಡ್ತಾನ. ನಾ ಕುರ್ಚಿ ಎಳ್ಕೊಂಡು ಸ್ವಿಚ್ಚಿನ ಬುಡಕ್ಕ ಹಾಕಿ, ಬೆನ್ನು ಅದಕ್ಕ ಕೊಟ್ಟು ಕುಂತೆ. ‘ಬಾ ತಮ್ಮಾ, ನನ್ನ ದಾಟಿ ತಗಿ’ ಅಂದೆ. ಅವ ಹಿಂದ ಸರದು, ಎರಡು ಕಪ್ ಚಹಾ ತಂದಿಟ್ಟು, ಸಾಹೇಬ್ರು ಮತ್ತ ಫೋನ್ ಮಾಡಿದ್ರ ನಾ ಸಂಡಾಸಕ್ಕ ಹೋಗೀನಿ ಅಂತ ಹೇಳ್ರಿ ಅಂದ. ಗಂಡಸು ಅಂದ್ರ ಅವ ನೋಡ್ರಿ.

ಅಷ್ಟರಾಗ ಕರೆಂಟ್ ಹೋತು. ಹೋಗದೇ ಏನು ಮಾಡ್ತದ? ಸೇಡಂನಾಗ ನನಗ ಗರಜ ಇದ್ದ ದಿನ ಎಂದಾದರೂ ಕರೆಂಟ್ ಇದ್ದದ್ದು ಅದ ಏನು? ಯುಪಿಎಸ್ ಕುಯ್ಞ್ ಕುಯ್ಞ್ ಅಂತ ಅಳಾಕತ್ತಿತು. ಹೊಸಾ ಬ್ಯಾಟರಿ ಕೊಡ್ರಿ ಅಂತ ನಾ ಎರಡು ವರ್ಷದಿಂದ ಬರದೀನಿ, ಬರೆದಿದ್ದಕ್ಕೆಲ್ಲ ಸಹಿ ಅದ, ಬ್ಯಾಟರಿ ಇಲ್ಲ. ಇದ್ದದ್ದು ಹತ್ತು ಮಿನಿಟಿನ ಜೀವ. ಫ್ಯಾನ್ ತಗದೆ, ಪರದೆ ತಗದೆ, ಗ್ವಾಡಿ ಮ್ಯಾಲಿನ ದೇವರ ಸಣ್ಣ ದೀಪ ಸುದ್ದಾ ತಗದೆ. ಅಪ್ಪಾ ಬಸವಣ್ಣ, ಇದೊಂದು ಸೋಮವಾರ ಇದಕ್ಕ ಸೂಟಿ ಬ್ಯಾಡೋ, ದುಡಿಲಿ ಬಿಡೋ ಅಂತ ಕೈ ಮುಗದು ಬೇಡ್ಕೊಂಡೆ. ಏಳನೇ ಮಿನಿಟಿಗಿ ಕರೆಂಟ್ ಬಂತು. ಅಂಗಿ ತೊಯ್ದು ಬೆನ್ನಿಗಿ ಹತ್ತಿತ್ತು.

ಶಾಹಿದಾ ಆಪಾ ಬಂದಾಗ ಹನ್ನೆರಡೂವರಿ. ಬುರ್ಖಾದ ಮ್ಯಾಲ ಹಾದಿ ಧೂಳೆಲ್ಲ ಕುಂತಿತ್ತು. ನೀರು ಸುದ್ದಾ ಕೇಳಲಿಲ್ಲ, ಬ್ಯಾಗಿನಿಂದ ಡಿಸ್ಕ್ ತಗದು ಕೈಗಿ ಕೊಟ್ಳು. ‘ಕೀಬೋರ್ಡ್ ಬಿಟ್ಟು ಕೈ ಕಟ್ಕೊಂಡು ಕುಂದರ್ರಿ ಅಂತ ಹುಡುಗ್ಯಾರಿಗಿ ಹೇಳಿ ಬಂದೀನಿ’ ಅಂದ್ಳು. ನಾ ಚಿಂಚೋಳಿಗಿ ನಿಂತಲ್ಲೇ ನಿಲ್ಲು ಅಂತ ಬರದೆ. ಬಂದ್ ಮಾಡೋದಲ್ಲ, ಉಸಿರು ಹಿಡ್ಕೊಂಡು ನಿಲ್ಲೋದು. ಹಿಂಗ ನಿಂತಾಗ ಮಷೀನು ಹಿಡಿದದ್ದನ್ನ ಬಿಡಂಗಿಲ್ಲ, ಒಳಗಿನದು ಅಲ್ಲಾಡಂಗೂ ಇಲ್ಲ. ಅದು ಯಾವ ಕೈಲೆ ಆ ಫೈಲ್ ಹಿಡಿದದ ಅಂತ ಹುಡುಕಿದೆ. ಸಿಕ್ತು, ಬಾಜೂಕ ‘ಅಳಿಸಲಾಗಿದೆ’ ಅಂತ ಬರದಿತ್ತು. ಅದನ್ನೇ ಡಿಸ್ಕಿಗಿ ಇಳಸು ಅಂತ ಒಂದು ಸಾಲು ಬರದು, ಒಂದೊಂದು ಅಕ್ಷರ ಬೆರಳಿಟ್ಟು ಮೂರು ಸಲ ಓದಿ, ಆಪಾಗ ಒಮ್ಮಿ ಓದಿಸಿ, ಎಂಟರ್ ಒತ್ತಿದೆ.

ಆಮ್ಯಾಲ ಎರಡು ತಾಸು ಮಾಡಾಕ ಏನೂ ಇಲ್ಲ. ಕರಿ ಪರದೆ ಮ್ಯಾಲ ಒಂದು ಬಿಳಿ ಚುಕ್ಕಿ ಮಿಣಕ್ ಮಿಣಕ್ ಅಂತಿತ್ತು. ಅದನ್ನ ನಾವಿಬ್ರೂ ಕಣ್ಣು ಕೀಳದೇ ನೋಡ್ಕೋತ ಕುಂತ್ವಿ. ಆಪಾಳ ತುಟಿ ಅಲ್ಲಾಡಾಕತ್ತಿದ್ದವು, ದುವಾ ಮಾಡಾಕತ್ತಿದ್ಳು. ನಾ ಸಾಹೇಬ್ರನ್ನ ಬೈಯಾಕತ್ತಿದ್ದೆ. ಬಾಯಿ ಇಬ್ಬರದೂ ನಿಂತಿದ್ದಿಲ್ಲ. ನಡುವ ಒಮ್ಮಿ ಆಕಿ, ‘ಜರಾ ಮೆಲ್ಲಕ ಬೈರಿ ಸರ್, ನನ್ನ ಲೆಕ್ಕ ತಪ್ಪಾಕತ್ತದ’ ಅಂದ್ಳು.

ಮೂರು ಗಂಟೆ ಸುಮಾರಿಗಿ ನಕಲು ಮುಗೀತು. ಅದರ ಮ್ಯಾಲ ಹೊಸಾ ಮಷೀನು ಕಟ್ಟಿ, ಏಳು ಅಂತ ಬರದೆ. ಎದ್ದಿತು. ಆಪಾ ಚಿಂಚೋಳಿಗಿ ಫೋನ್ ಹಚ್ಚಿ, ‘ನೋಡ್ರಿ ಬೇಟಿ, ನಿಮ್ಮ ನಿಮ್ಮದು ಅದಾವೇನು ಒಬ್ಬೊಬ್ಬರೇ ಹೇಳ್ರಿ’ ಅಂದ್ಳು. ಒಬ್ಬೊಬ್ಬರೇ ಎಲ್ಲಿ? ಇಪ್ಪತ್ತೆರಡು ಮಂದಿ ಒಮ್ಮಿಗೇ ಚೀರಿದ್ದಕ್ಕ ಫೋನ್ ಒದರಿ ಆಕಿ ಕಿವಿಯಿಂದ ದೂರ ಹಿಡಿದ್ಳು. ಆಗ ಅತ್ಳು ನೋಡ್ರಿ ಆಪಾ. ನನ್ನ ಕಣ್ಣಾಗೂ ನೀರು ಬಂದಿತ್ತು, ಬರಲಿಲ್ಲ ಅಂತ ಯಾಕ ಸುಳ್ಳು ಹೇಳ್ಲಿ? ಹಳೇ ಚಿಂಚೋಳಿ ಇನ್ನೂ ಉಸಿರು ಹಿಡ್ಕೊಂಡೇ ನಿಂತಿತ್ತು. ಬಂದ್ ಆಗವ್ವ ಇನ್ನ, ಸಾಕು, ಅಂತ ಬರದು ಗುಂಡಿ ಒತ್ತಿದೆ. ಕೂಡಲೇ ಪೆಟ್ಟಿಗಿಯಾಗ ಸಾಹೇಬ್ರಿಗಿ ಬೇಕಾಗಿದ್ದಷ್ಟು ಜಾಗಾ ಖಾಲಿ ಆತು.

ಪರೀಕ್ಷಾ ಛಲೋ ಆತು. ಮುಂದಿನ ವಾರ ಸಾಹೇಬ್ರು ಸೇಡಂನಾಗ ಐದೂ ಸೆಂಟರಿನವರಿಗಿ ಮೀಟಿಂಗ್ ಕರದ್ರು. ತಪ್ಪಾತು ಅಂತ ಒಂದು ಮಾತು ಬರ್ತದೇನು ಅಂತ ನಾ ಕಿವಿ ಅಗಲ ಮಾಡ್ಕೊಂಡು ಕುಂತಿದ್ದೆ. ಸಾಹೇಬ್ರು ಜಾಗಾ ಎಷ್ಟು ಉಳಿಸೀವಿ ಅಂತ ಪರದೆ ಮ್ಯಾಲ ಬಣ್ಣದ ಚಿತ್ರ ತೋರಿಸಿ, ಕೊನಿಗಿ ನನ್ನ ಕಡಿ ನೋಡಿ ನಕ್ಕು, ‘ಚಿಂಚೋಳಿ ವಿಷಯದಲ್ಲಿ ಸ್ವಲ್ಪ ಗಾಬರಿಯಾಗಿತ್ತು. ಏನೂ ಆಗಲಿಲ್ಲವಲ್ಲ?’ ಅಂದ್ರು.

ಏನೂ ಆಗಲಿಲ್ಲ! ನಾ ಎದ್ದು ನಿಂತೆ. ಏನೇನಂದೆ ಎಲ್ಲಾ ನೆನಪಿಲ್ಲ. ಏನೂ ಆಗಲಿಲ್ಲ ಅಂತ ಆಗಬೇಕಾದ್ರ ಯಾರ್ಯಾರು ಏನೇನು ಮಾಡ್ಯಾರ ಗೊತ್ತದೇನ್ರಿ ನಿಮಗ ಅಂದೆ. ನನ್ನ ಕುರ್ಚಿ ಮ್ಯಾಲ ಕುಂದರೋ ಮೊದಲ ನನ್ನ ಒಂದು ಮಾತು ಕೇಳಿದ್ರ ನಿಮ್ಮ ಗಂಟೇನು ಹೋಗ್ತಿತ್ತು ಅಂದೆ. ಅಳಿಸಿದ್ದು ಫೈಲ್ ಅಲ್ಲ, ಇಪ್ಪತ್ತೆರಡು ಹುಡುಗ್ಯಾರ ಹೆಸರು ಅಂದೆ. ಇದರ ಜವಾಬ್ದಾರಿ ಯಾರದು ಅಂತ ಆಡಳಿತ ಮಂಡಳಿಗಿ ಬರೀತೀನಿ, ಹೆಸರು ಹಾಕೇ ಬರೀತೀನಿ ಅಂದೆ. ವಾಡಿಯವರು, ಚಿತ್ತಾಪುರದವರು ಬಾಯಿ ತಕ್ಕೊಂಡು ನೋಡಾಕತ್ತಿದ್ರು. ಸಾಹೇಬ್ರ ಮಾರಿ ಕೆಂಪಗಾತು. ಹನ್ನೆರಡು ವರ್ಷದಾಗ ಇಷ್ಟು ಛಲೋ ನಾ ಎಂದೂ ಮಾತಾಡಿದ್ದಿಲ್ಲ ಅಂತ ನನಗೇ ಅನಿಸ್ತು.

ಶಾಹಿದಾ ಆಪಾಳನ್ನ ಬಸ್ಸಿಗಿ ಕಳಸಾಕ ಸ್ಟ್ಯಾಂಡಿನತನ ಹೋದೆ. ಹಾದಿ ಉದ್ದಕ್ಕೂ ನಾನೇ ಮಾತಾಡಿದೆ, ಸಾಹೇಬ್ರ ಮಾರಿ ಹೆಂಗಿತ್ತು, ನಾ ಹೆಂಗಂದೆ ಅಂತ. ಚಿಂಚೋಳಿ ಬಸ್ಸು ಬಂದು ನಿಂತಮ್ಯಾಲ, ಮೆಟ್ಟಲ ಮ್ಯಾಲ ಒಂದು ಕಾಲಿಟ್ಟು ಹೊಳ್ಳಿ ನೋಡಿದ್ಳು.

‘ಆ ಡಿಸ್ಕ್ ನನ್ನ ಹತ್ರ ಹೆಂಗ ಬಂತು ಅಂತ ನೀವು ಕೇಳಲೇ ಇಲ್ಲ ಸರ್.’

ನಾ ಆಕಿಯ ಬ್ಯಾಗ್ ಎತ್ತಿ ಮ್ಯಾಲ ಕೊಟ್ಟೆ.

‘ದಸರಾಕ್ಕಿಂತ ಮೊದಲ ನಾನೇ ಅದನ್ನ ತಂದು ನಿಮ್ಮ ಟೇಬಲ್ ಮ್ಯಾಲ ಇಟ್ಟಿದ್ದೆ. ನಮ್ಮ ಹುಡುಗ್ಯಾರದು ಒಂದು ನಕಲು ತಗದಿಡ್ರಿ ಅಂತ. ನೀವು ನಕ್ಕು ವಾಪಸ್ ಕೊಟ್ರಿ. ನಾ ಇರೋತನ ನಿಮ್ಮ ಮಷೀನಿಗಿ ಏನೂ ಆಗಂಗಿಲ್ಲ ಆಪಾ ಅಂದ್ರಿ. ಆಮ್ಯಾಲ ಎರಡು ಸಲ ಫೋನಿನಾಗ ಹೇಳಿದೆ. ಆಗ ನಿಮಗ ಸಿಟ್ಟು ಬಂತು.’

ಬಂದಿತ್ತು. ನನ್ನ ಕೆಲಸ ನನಗೇ ಕಲಸಾಕ ಬರ್ತಾಳಲ್ಲ ಈಕಿ ಅಂತ, ಮನಿಗಿ ಹೋಗಿ ಹೆಂಡ್ತಿ ಮುಂದ ಸುದ್ದಾ ಅಂದಿದ್ದೆ.

‘ಸಾಹೇಬ್ರು ಅಳಿಸ್ಯಾರ, ಖರೇ ಅದ. ಅವರನ್ನ ಬಿಡಬ್ಯಾಡ್ರಿ, ಬರೀರಿ’ ಅಂದ್ಳು ಆಪಾ. ‘ಬರಿಯೋ ಮುಂದ ನಿಮ್ಮ ಹೆಸರೂ ಹಾಕ್ರಿ.’

ಕಂಡಕ್ಟರ್ ಸೀಟಿ ಊದಿದ. ಆಕಿ ಒಳಗ ಹೋಗಿ ಕಿಡಕಿ ಬಾಜೂ ಕುಂತು, ಸಿಟ್ಟಿಲ್ಲದೇ, ಯಾವಾಗಲೂ ಮಾಡೋಹಂಗ ಕೈ ಮಾಡಿದ್ಳು. ಸಾಹೇಬ್ರಿಗಿ ಬೈಯಾಕ ಇನ್ನೂ ಭಾಳ ಮಾತು ಉಳಿದಿದ್ದವು ನನ್ನ ಹತ್ರ. ಅವನ್ನೆಲ್ಲ ಸ್ಟ್ಯಾಂಡಿನಾಗೇ ಬಿಟ್ಟು, ಸೀದಾ ನನ್ನ ಖೋಲಿಗಿ ನಡದೆ.

ಅವತ್ತೇ ಬರಿಯಾಕ ಕುಂತೆ. ಜವಾಬ್ದಾರರು ಅಂತ ತಲಿಬರಹ ಹಾಕಿ, ಕೆಳಗ ಮೊದಲನೇ ಹೆಸರು ಸಾಹೇಬ್ರದು ಹಾಕಿದೆ. ಅದಕ್ಕ ಒಂದು ಮಿನಿಟೂ ಹತ್ತಲಿಲ್ಲ. ಎರಡನೇ ಹೆಸರು ಬರಿಯಾಕ ನಾಕು ದಿನ ಹಿಡೀತು.